ಊಟ ಮುಗಿಸಿ ಬಂದಮೇಲೆ ಮೊದಲ ಬಿಲ್ ನಿಂತುಬಿಡುತ್ತದೆ: ಕಮಾಂಡ್ ಲೈನ್‌ನಿಂದ ಲಾಗ್, ಪ್ಯಾಕೆಟ್ ಕ್ಯಾಪ್ಚರ್ ಹಾಕುವುದು ಹೇಗೆ?

ಕೌಂಟರ್‌ಮೂರು
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಔಷಧಿ ಅಂಗಡಿ. ಸಾಗರದಲ್ಲಿ ಮುಖ್ಯ ಅಂಗಡಿ, ಸೊರಬದಲ್ಲಿ ಒಂದು ಬ್ರಾಂಚ್. ಬಿಲ್ಲಿಂಗ್ ಸಾಫ್ಟ್‌ವೇರ್ ಕೌಂಟರ್‌ನ ವಿಂಡೋಸ್ 10 ಪಿಸಿಯಲ್ಲಿದೆ. ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದು ಮುಂಬೈಯಲ್ಲಿ ಬಾಡಿಗೆಗೆ ತೆಗೆದುಕೊಂಡ ಒಂದು ಲಿನಕ್ಸ್ ಸರ್ವರ್‌ನಲ್ಲಿ ಓಡುತ್ತದೆ. ನಡುವೆ ಹೋಗುವ ಡೇಟಾವನ್ನು ಬೇರೆಯವರು ಓದದ ಹಾಗೆ ಮುಚ್ಚುವ ಟಿಎಲ್‌ಎಸ್ ಇದೆ.

ತೊಂದರೆ ಸೊರಬದ್ದು. ಅಲ್ಲಿ ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿ ಮೂರಕ್ಕೆ ತೆಗೆಯುತ್ತಾರೆ. ತೆಗೆದ ಕೂಡಲೇ ಮಾಡುವ ಮೊದಲ ಬಿಲ್ ನಿಂತುಬಿಡುತ್ತದೆ. ಪರದೆ ಬಿಳಿಯಾಗುತ್ತದೆ, ಸುಮಾರು 20 ಸೆಕೆಂಡ್ ಆದಮೇಲೆ ಸಂಪರ್ಕ ಕಡಿದಿದೆ ಅಂತ ಸಂದೇಶ ಬರುತ್ತದೆ. ಮುಚ್ಚಿ ತೆರೆದರೆ ಸರಿ. ಆದರೆ ಟೈಪ್ ಮಾಡಿದ್ದೆಲ್ಲ ಹೋಗಿರುತ್ತದೆ. ಎದುರಿಗೆ ಜ್ವರದ ಮಗುವನ್ನು ಎತ್ತಿಕೊಂಡು ತಾಯಿ ನಿಂತಿರುತ್ತಾರೆ, ನಮ್ಮ ಹುಡುಗ ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ನೋಡಲು ಆಗುವುದಿಲ್ಲ.

ಇನ್ನೊಂದು ವಿಚಾರ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ಕೆಲವು ದಿನ ಸಾಗರದ ಅಂಗಡಿಯಲ್ಲೂ ಯಾವುದೋ ಒಂದು ಮಾತ್ರೆ ಮಾತ್ರ ಬಿಲ್ ಆಗುವುದಿಲ್ಲ. ಉಳಿದದ್ದೆಲ್ಲ ಆಗುತ್ತದೆ. ಮೂರೂವರೆ ದಾಟಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಸಾಫ್ಟ್‌ವೇರ್‌ನವರು ನೆಟ್ ಸರಿಯಿಲ್ಲ ಅನ್ನುತ್ತಾರೆ. ನೆಟ್‌ನವರು ಬಂದು ಸ್ಪೀಡ್ ತೋರಿಸಿ, ಸಾಫ್ಟ್‌ವೇರ್ ನೋಡಿಸಿ ಅಂತ ಹೋಗುತ್ತಾರೆ. ಲಾಗ್ ಹಾಕಿ ನಾನೇ ನೋಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಒಂದು ಕೋರಿಕೆ: ನಾನು ಇರುವುದು ಸಾಗರದಲ್ಲಿ. ಸೊರಬದ ಹುಡುಗನಿಗೆ ಫೋನಿನಲ್ಲಿ ಓದಿ ಹೇಳಬೇಕು. ಹಾಗಾಗಿ ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದು ಕೊಡಿ.

ತುಂಗಾತೀರ
ಭಾನುವಾರ, ರಾತ್ರಿ 10:05

ಪಿಸಿ ಸ್ಲೀಪ್‌ಗೆ ಹೋಗುತ್ತಿರಬೇಕು ಅಣ್ಣ. ನಮ್ಮ ಗ್ರಂಥಾಲಯದಲ್ಲೂ ಹೀಗೇ ಆಗುತ್ತಿತ್ತು. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ತೆಗೆದುಬಿಡಿ, ಮುಗಿಯಿತು.

ಹಳೇಕೇಬಲ್
ಭಾನುವಾರ, ರಾತ್ರಿ 10:50

ಸ್ಲೀಪ್ ಇರಬಹುದು. ಆದರೆ ಅದನ್ನು ಊಹೆ ಮಾಡುವುದು ಬೇಡ, ವಿಂಡೋಸ್ ಆಗಲೇ ಬರೆದಿಟ್ಟಿರುತ್ತದೆ. ಸೆಟ್ಟಿಂಗ್ ಬದಲಾಯಿಸುವ ಮೊದಲು ಲಾಗ್ ಓದಿ. ಈಗಲೇ ಬದಲಾಯಿಸಿದರೆ ನಾಳೆ ಏನು ನೋಡಿದರೂ ಯಾವುದರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಸಿಸ್ಟಮ್ ಲಾಗ್‌ನಲ್ಲಿ ಕರ್ನೆಲ್-ಪವರ್ ಹೆಸರಿನಲ್ಲಿ 42ನೇ ನಂಬರಿನ ದಾಖಲೆ ಇದ್ದರೆ ಪಿಸಿ ಸ್ಲೀಪ್‌ಗೆ ಹೋಗಿದೆ ಅಂತ ಅರ್ಥ. ಇನ್ನು ಕೇಬಲ್ ಅಥವಾ ವೈಫೈ ಬಿದ್ದಿದೆಯಾ ನೋಡಲು ನೆಟ್‌ವರ್ಕ್ ಪ್ರೊಫೈಲ್ ಲಾಗ್ ಇದೆ. ಅದರಲ್ಲಿ 10000 ಅಂದರೆ ಸಂಪರ್ಕ ಬಂತು, 10001 ಅಂದರೆ ಹೋಯಿತು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು:

ವೆವ್‌ಟುಟಿಲ್ ಕ್ಯೂಇ ಮೈಕ್ರೋಸಾಫ್ಟ್-ವಿಂಡೋಸ್-ನೆಟ್‌ವರ್ಕ್‌ಪ್ರೊಫೈಲ್/ಆಪರೇಷನಲ್ /ಸಿ:20 /ಆರ್‌ಡಿ:ಟ್ರೂ /ಎಫ್:ಟೆಕ್ಸ್ಟ್

ಮೊದಲ ಪದದ ಅಕ್ಷರಗಳು ಡಬ್ಲ್ಯೂ, ಇ, ವಿ, ಟಿ, ಯು, ಟಿ, ಐ, ಎಲ್. ಆರ್‌ಡಿ ಟ್ರೂ ಅಂದರೆ ಹೊಸದು ಮೇಲೆ ಬರಲಿ ಅಂತ. ಕೊನೆಯ 20 ದಾಖಲೆ ಸಾಕು.

ಇದೇ ಹೊತ್ತಿಗೆ ಫೈರ್‌ವಾಲ್ ಲಾಗನ್ನೂ ಆನ್ ಮಾಡಿಬಿಡಿ. ವಿಂಡೋಸ್‌ನಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ:

ನೆಟ್‌ಶ್ ಆಡ್ವ್‌ಫೈರ್‌ವಾಲ್ ಸೆಟ್ ಆಲ್‌ಪ್ರೊಫೈಲ್ಸ್ ಲಾಗಿಂಗ್ ಡ್ರಾಪ್ಡ್‌ಕನೆಕ್ಷನ್ಸ್ ಎನೇಬಲ್

ಫೈಲಿನ ಗಾತ್ರ 4096 ಕೆಬಿಗೆ ನಿಂತಿರುತ್ತದೆ, ಮ್ಯಾಕ್ಸ್‌ಫೈಲ್‌ಸೈಜ್ ಅಂತ ಕೊಟ್ಟು 32767ರ ತನಕ ಏರಿಸಬಹುದು. ಪಿಸಿ ತಾನೇ ತಡೆದಿದ್ದರೆ ಪಿಫೈರ್‌ವಾಲ್ ಡಾಟ್ ಲಾಗ್ ಎಂಬ ಫೈಲಿನಲ್ಲಿ ಡ್ರಾಪ್ ಅಂತ ಸಾಲು ಬಿದ್ದಿರುತ್ತದೆ.

ಕೌಂಟರ್‌ಮೂರು
ಸೋಮವಾರ, ಬೆಳಿಗ್ಗೆ 10:15

ಓದಿ ಹೇಳಿದೆ, ಹುಡುಗ ಫೋಟೋ ಕಳಿಸಿದ. 42 ಎಲ್ಲೂ ಇಲ್ಲ. ನೆಟ್‌ವರ್ಕ್ ಪ್ರೊಫೈಲ್‌ನಲ್ಲಿ ಬೆಳಿಗ್ಗೆ ಪಿಸಿ ಹಾಕಿದಾಗ ಒಂದು 10000 ಇದೆ ಅಷ್ಟೇ. ಊಟದ ಹೊತ್ತಿನಲ್ಲಿ ಏನೂ ಇಲ್ಲ. ಅಂದರೆ ಪಿಸಿ ಎಚ್ಚರವಾಗಿತ್ತು, ಕೇಬಲ್ ಗಟ್ಟಿಯಾಗಿತ್ತು. ಫೈರ್‌ವಾಲ್ ಲಾಗ್ ಈಗ ಆನ್ ಮಾಡಿಸಿದ್ದೇನೆ.

ಹಳೇಕೇಬಲ್
ಸೋಮವಾರ, ಬೆಳಿಗ್ಗೆ 11:30

ಒಳ್ಳೆಯದು. ಎರಡು ಗುಮಾನಿ ಹತ್ತು ನಿಮಿಷದಲ್ಲಿ ಹೋದವು. ಈಗ ಪ್ಯಾಕೆಟ್ ಕ್ಯಾಪ್ಚರ್, ಅಂದರೆ ನೆಟ್‌ನಲ್ಲಿ ಹೋಗಿ ಬರುವ ಡೇಟಾ ತುಣುಕುಗಳನ್ನು ಫೈಲಿನಲ್ಲಿ ಹಿಡಿದಿಡುವುದು.

ಒಂದು ಮಾತು ಮೊದಲೇ ಹೇಳುತ್ತೇನೆ. ಒಂದೇ ತುದಿಯಲ್ಲಿ ಹಿಡಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಸೊರಬದ ಪಿಸಿಯಲ್ಲಿ ಪ್ಯಾಕೆಟ್ ಹೋದದ್ದು ಕಾಣುತ್ತದೆ, ಉತ್ತರ ಬರದೆ ಇದ್ದದ್ದೂ ಕಾಣುತ್ತದೆ. ಆದರೆ ಅದು ಸರ್ವರ್‌ಗೆ ತಲುಪಲಿಲ್ಲವೋ, ತಲುಪಿ ಉತ್ತರ ದಾರಿಯಲ್ಲಿ ಕಳೆದುಹೋಯಿತೋ, ಸರ್ವರ್ ಉತ್ತರವನ್ನೇ ಕೊಡಲಿಲ್ಲವೋ? ಈ ಮೂರನ್ನು ಬೇರೆ ಮಾಡಲು ಸರ್ವರ್ ಕಡೆಯೂ ಅದೇ ಹೊತ್ತಿನಲ್ಲಿ ಕ್ಯಾಪ್ಚರ್ ಓಡುತ್ತಿರಬೇಕು. ಸಾಫ್ಟ್‌ವೇರ್‌ನವರು, ನೆಟ್‌ನವರು ಇಬ್ಬರೂ ಒಪ್ಪುವ ಹಾಗೆ ತೋರಿಸಲು ಇದೊಂದೇ ದಾರಿ.

ಸರ್ವರ್ ಕಡೆ ಟಿಸಿಪಿಡಂಪ್ ಹಾಕಿ. 1988ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಇವತ್ತಿಗೂ ಸರ್ವರ್ ಮೇಲೆ ಕ್ಯಾಪ್ಚರ್ ಅಂದರೆ ನನ್ನ ಕೈ ಮೊದಲು ಹೋಗುವುದು ಅದಕ್ಕೇ. ಸರ್ವರ್‌ನಲ್ಲಿ ಹೀಗೆ ಕೊಡಿ:

ಸುಡೋ ಟಿಸಿಪಿಡಂಪ್ -ಐ ಇಟಿಎಚ್0 -ಎನ್‌ಎನ್ -ಎಸ್ 96 -ಸಿ 50 -ಡಬ್ಲ್ಯೂ 20 -ಡಬ್ಲ್ಯೂ /ವಾರ್/ಟಿಎಂಪಿ/ಬಿಲ್.ಪಿಕ್ಯಾಪ್ ಪೋರ್ಟ್ 5432

ಸಿ ದೊಡ್ಡಕ್ಷರ. ಡಬ್ಲ್ಯೂ ಎರಡು ಸಲ ಬರುತ್ತದೆ: 20ರ ಹಿಂದಿನದ್ದು ದೊಡ್ಡಕ್ಷರ, ಫೈಲ್ ಹೆಸರಿನ ಹಿಂದಿನದ್ದು ಸಣ್ಣಕ್ಷರ. ಉಳಿದದ್ದೆಲ್ಲ ಸಣ್ಣದು. 5432 ಪೋಸ್ಟ್‌ಗ್ರೆಸ್‌ನ ಪೋರ್ಟ್ ಸಂಖ್ಯೆ. ಇಟಿಎಚ್0 ಅನ್ನುವುದು ನೆಟ್‌ವರ್ಕ್ ಇಂಟರ್‌ಫೇಸ್ ಹೆಸರು, ನಿಮ್ಮಲ್ಲಿ ಬೇರೆ ಇರಬಹುದು, ಐಪಿ ಲಿಂಕ್ ಅಂತ ಕೊಟ್ಟು ನೋಡಿಕೊಳ್ಳಿ.

50 ಅಂದರೆ ಒಂದು ಫೈಲ್ ಸುಮಾರು 50 ಎಂಬಿ, 20 ಅಂದರೆ ಇಪ್ಪತ್ತು ಫೈಲ್. ಒಟ್ಟು ಒಂದು ಜಿಬಿ. ತುಂಬಿದ ಮೇಲೆ ಮೊದಲನೆಯದರ ಮೇಲೆ ಮತ್ತೆ ಬರೆಯುತ್ತದೆ. ತಿಂಗಳು ಬಿಟ್ಟರೂ ಡಿಸ್ಕ್ ತುಂಬುವುದಿಲ್ಲ. ಯಾವಾಗ ಕೆಡುತ್ತದೆ ಅಂತ ಹೇಳಲಾಗದ ತೊಂದರೆಗೆ ಹೀಗೆ ಸುತ್ತುವ ಕ್ಯಾಪ್ಚರ್ ಬಿಟ್ಟು ಬೇರೆ ಉಪಾಯ ಇಲ್ಲ.

ಇಲ್ಲಿ ಒಂದು ಕಡೆ ತುಂಬಾ ಜನ ಎಡವುತ್ತಾರೆ. ಗಾತ್ರದ ಬದಲು ಹೊತ್ತಿನ ಲೆಕ್ಕದಲ್ಲಿ ಫೈಲ್ ಮುರಿಯಲು ದೊಡ್ಡ ಜಿ ಇದೆ. ಆದರೆ ಜಿ ಜೊತೆ ದೊಡ್ಡ ಡಬ್ಲ್ಯೂ ಕೊಟ್ಟರೆ ಅದು ಸುತ್ತುವುದಿಲ್ಲ. ಅಷ್ಟು ಫೈಲ್ ಆದ ಕೂಡಲೇ ಟಿಸಿಪಿಡಂಪ್ ಸುಮ್ಮನೆ ಮುಗಿಸಿ ಹೊರಗೆ ಬಂದುಬಿಡುತ್ತದೆ. ಎರರ್ ಕೂಡ ಬರುವುದಿಲ್ಲ. ನಾನು ಒಮ್ಮೆ ಹೀಗೆ ಹಾಕಿ ಮೂರು ದಿನ ಬಿಟ್ಟು ನೋಡಿದರೆ ಬೇಕಾದ ಹೊತ್ತಿನದ್ದು ಏನೂ ಇರಲಿಲ್ಲ. ಹೊತ್ತಿನ ಲೆಕ್ಕದಲ್ಲೇ ಸುತ್ತಬೇಕು ಅಂದರೆ ಜಿ 3600 ಕೊಟ್ಟು, ಫೈಲ್ ಹೆಸರಿನಲ್ಲಿ ಶೇಕಡಾ ಚಿಹ್ನೆ ಮತ್ತು ದೊಡ್ಡ ಎಚ್ ಹಾಕಿ. ಗಂಟೆಗೊಂದು ಫೈಲ್ ಆಗುತ್ತದೆ, 24 ಗಂಟೆ ಕಳೆದ ಮೇಲೆ ಅದೇ ಹೆಸರು ಮತ್ತೆ ಬಂದು ಹಳೆಯದನ್ನು ಅಳಿಸುತ್ತದೆ.

ದೂರದಿಂದ ಸರ್ವರ್ ಒಳಗೆ ಹೋಗುವ ಎಸ್ಎಸ್ಎಚ್ ಮುಚ್ಚಿದರೆ ಕ್ಯಾಪ್ಚರ್ ಕೂಡ ಸಾಯುತ್ತದೆ. ಟಿಮಕ್ಸ್ ಒಳಗೆ ಓಡಿಸಿ, ಇಲ್ಲವೇ ಸಿಸ್ಟಮ್‌ಡಿ-ರನ್ ಮೂಲಕ.

ಲಾಗ್‌ಗೆಳತಿ
ಸೋಮವಾರ, ಮಧ್ಯಾಹ್ನ 12:10

96 ಯಾಕೆ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಇದು ಔಷಧಿ ಅಂಗಡಿ. ಈಥರ್‌ನೆಟ್ ತಲೆಬರಹ 14 ಬೈಟ್, ಐಪಿ 20, ಟಿಸಿಪಿ ಹೆಚ್ಚೆಂದರೆ 60. ಒಟ್ಟು 94. ಅಂದರೆ 96ಕ್ಕೆ ಕತ್ತರಿಸಿದರೆ ಯಾರು, ಯಾರಿಗೆ, ಯಾವಾಗ ಕಳಿಸಿದರು ಅನ್ನುವುದು ಪೂರ್ತಿ ಉಳಿಯುತ್ತದೆ, ಒಳಗಿನ ಮಾತು ಕೆಲವು ಬೈಟ್ ಬಿಟ್ಟರೆ ಉಳಿಯುವುದಿಲ್ಲ. ಐಪಿವಿ6 ಆದರೆ ತಲೆಬರಹ 40 ಬೈಟ್, ಆಗ 128 ಕೊಡಿ. ಹಾಗೆ ಬಿಟ್ಟರೆ ಟಿಸಿಪಿಡಂಪ್ ಪ್ಯಾಕೆಟ್ ಪೂರ್ತಿ ಬರೆಯುತ್ತದೆ.

ನಿಮ್ಮಲ್ಲಿ ಟಿಎಲ್‌ಎಸ್ ಇರುವುದರಿಂದ ಒಳಗಿನದ್ದು ಹೇಗೂ ಓದಲು ಬರುವುದಿಲ್ಲ. ಆದರೂ ಯಾರಿಗೆ ಯಾವ ಮಾತ್ರೆ ಅನ್ನುವುದು ಆ ಮನುಷ್ಯನ ಆರೋಗ್ಯದ ವಿಚಾರ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬೇಡದ್ದನ್ನು ಹಿಡಿದಿಟ್ಟುಕೊಳ್ಳುವ ಅಭ್ಯಾಸವನ್ನೇ ಬಿಡಬೇಕು. ಬೇಕಾದಷ್ಟೇ ಹಿಡಿಯಿರಿ, ಕೆಲಸ ಮುಗಿದ ಮೇಲೆ ಅಳಿಸಿ. ದಯವಿಟ್ಟು ಆ ಫೈಲನ್ನು ಇಲ್ಲಿ ಹಾಕಬೇಡಿ. ನಿಮ್ಮ ಸರ್ವರ್ ವಿಳಾಸ, ಪೋರ್ಟ್ ಎಲ್ಲ ಅದರಲ್ಲಿರುತ್ತದೆ. ಬೇಕಾದ ಸಾಲು ಮಾತ್ರ ಕೈಯಲ್ಲಿ ಬರೆದು ಹೇಳಿ.

ರಾತ್ರಿಪಾಳಿ
ಸೋಮವಾರ, ಮಧ್ಯಾಹ್ನ 1:00

ಪಾಳಿ ಮುಗಿಸಿ ಮಲಗಿದ್ದೆ, ಈಗ ನೋಡಿದೆ. ವಿಂಡೋಸ್ ಕಡೆಯದ್ದು ನಾನು ಬರೆಯುತ್ತೇನೆ.

ಹೊರಗಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. 2018ರ ಅಕ್ಟೋಬರ್ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಪ್ಯಾಕೆಟ್ ಹಿಡಿಯುವ ಪಿಕೆಟಿಮಾನ್ ಇದೆ. ಅಕ್ಷರಗಳು ಪಿ, ಕೆ, ಟಿ, ಎಂ, ಓ, ಎನ್. ಈಗಿನ ಆವೃತ್ತಿ ಆದರೆ ಇದು ನಡೆಯುತ್ತದೆ:

ಪಿಕೆಟಿಮಾನ್ ಫಿಲ್ಟರ್ ಆ್ಯಡ್ -ಪಿ 5432
ಪಿಕೆಟಿಮಾನ್ ಸ್ಟಾರ್ಟ್ --ಕ್ಯಾಪ್ಚರ್ --ಕಾಂಪ್ ನಿಕ್ಸ್ --ಪಿಕೆಟಿ-ಸೈಜ್ 96 --ಫೈಲ್-ನೇಮ್ ಸಿ:\ಲಾಗ್\ಸೊರಬ.ಇಟಿಎಲ್

ಫಿಲ್ಟರ್ ಮೊದಲು, ಸ್ಟಾರ್ಟ್ ಆಮೇಲೆ. ಇದು ತಿರುವುಮುರುವಾದರೆ ಪಿಸಿಯ ಎಲ್ಲ ಟ್ರಾಫಿಕ್ ಬಂದು ಬೀಳುತ್ತದೆ. ಕಾಂಪ್ ನಿಕ್ಸ್ ಮರೆಯಬೇಡಿ. ಒಂದು ಪ್ಯಾಕೆಟ್ ವಿಂಡೋಸ್ ಒಳಗೆ ಹಲವು ಪದರ ದಾಟಿ ಹೊರಗೆ ಹೋಗುತ್ತದೆ, ಪಿಕೆಟಿಮಾನ್ ಪ್ರತಿ ಪದರದಲ್ಲೂ ಅದನ್ನು ಬರೆದುಕೊಳ್ಳುತ್ತದೆ. ಹೊಸಬರು ಕ್ಯಾಪ್ಚರ್ ಓದುವ ವೈರ್‌ಶಾರ್ಕ್‌ನಲ್ಲಿ ತೆರೆದಾಗ ಒಂದೇ ಪ್ಯಾಕೆಟ್ ನಾಲ್ಕೈದು ಸಲ ಕಂಡು, ಮತ್ತೆ ಮತ್ತೆ ಕಳಿಸುತ್ತಿದೆ ಅಂತ ತಪ್ಪು ತಿಳಿಯುತ್ತಾರೆ. ನಿಮಗೆ ಬೇಕಾಗಿರುವುದೇ ಮರುಕಳಿಸುವಿಕೆಯ ಲೆಕ್ಕ, ಹಾಗಾಗಿ ಕಾರ್ಡ್‌ನ ಹತ್ತಿರ ಮಾತ್ರ ಹಿಡಿಯಿರಿ. ಲಾಗ್ ಫೈಲ್ 512 ಎಂಬಿ ಆದಮೇಲೆ ತಾನೇ ಸುತ್ತುತ್ತದೆ.

ನಿಲ್ಲಿಸಲು ಪಿಕೆಟಿಮಾನ್ ಸ್ಟಾಪ್. ವೈರ್‌ಶಾರ್ಕ್‌ಗೆ ಬೇಕಾದ ಫೈಲ್ ಮಾಡಲು ಪಿಕೆಟಿಮಾನ್ ಇಟಿಎಲ್2ಪಿಕ್ಯಾಪ್, ಮುಂದೆ ಫೈಲ್ ಹೆಸರು.

ಪಿಸಿ ಆಫ್ ಮಾಡಿದರೆ ಇದು ನಿಲ್ಲುತ್ತದೆ. ನಿಮ್ಮದು ಮಧ್ಯಾಹ್ನದ ತೊಂದರೆ ಆದ್ದರಿಂದ ಬೆಳಿಗ್ಗೆ ಶುರು ಮಾಡಿದರೆ ಸಾಕು. ಆ ಎರಡು ಸಾಲನ್ನು ಒಂದು ಬ್ಯಾಚ್ ಫೈಲಿನಲ್ಲಿ ಹಾಕಿ ಡೆಸ್ಕ್‌ಟಾಪ್‌ನಲ್ಲಿಡಿ. ರೀಸ್ಟಾರ್ಟ್ ಆದರೂ ಮುಂದುವರಿಯಬೇಕು ಅನ್ನುವವರಿಗೆ ನೆಟ್‌ಶ್ ಟ್ರೇಸ್ ಇದೆ. ಸ್ಟಾರ್ಟ್ ಕ್ಯಾಪ್ಚರ್=ಯೆಸ್ ಪರ್ಸಿಸ್ಟೆಂಟ್=ಯೆಸ್ ಫೈಲ್‌ಮೋಡ್=ಸರ್ಕ್ಯುಲರ್ ಅಂತ ಕೊಡಬೇಕು. ಅದರ ಫಿಲ್ಟರ್‌ನಲ್ಲಿ ಐಪಿ ವಿಳಾಸ ಕೊಡಬಹುದು, ಪೋರ್ಟ್ ಕೊಡಲು ಬರುವುದಿಲ್ಲ. ನಿಲ್ಲಿಸುವಾಗ ಕೆಲವೊಮ್ಮೆ ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಗಾಬರಿಯಿಂದ ಆ ಕಿಟಕಿಯನ್ನು ಮುಚ್ಚಬಾರದು.

ಇನ್ನು ಗಡಿಯಾರ. ಇದನ್ನು ಇವತ್ತೇ ಸರಿ ಮಾಡಿ. ಎರಡು ತುದಿಯ ಕ್ಯಾಪ್ಚರ್ ಹೋಲಿಸಬೇಕಾದರೆ ಎರಡೂ ಕಡೆ ಹೊತ್ತು ಒಂದೇ ಇರಬೇಕು. ಸರ್ವರ್‌ನಲ್ಲಿ ಕ್ರೋನಿಸಿ ಟ್ರ್ಯಾಕಿಂಗ್, ಪಿಸಿಯಲ್ಲಿ ಡಬ್ಲ್ಯೂ32ಟಿಎಂ /ಕ್ವೆರಿ /ಸ್ಟೇಟಸ್ ಕೊಟ್ಟು ನೋಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಲ್ಲೂ ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯಕ್ಕೆ ಗಡಿಯಾರ ಹೊಂದಿಸಿ, ಲಾಗ್‌ಗಳನ್ನು 180 ದಿನ ಇಡಿ ಅಂತ ಇದೆ. ಕಂಪನಿ, ಡೇಟಾ ಸೆಂಟರ್‌ಗಳಿಗೆ ಹೇಳಿದ ಮಾತು ಅದು. ಆದರೆ ಗಡಿಯಾರದ ಮಾತು ಎಲ್ಲರಿಗೂ ಸಲ್ಲುತ್ತದೆ.

ಕೌಂಟರ್‌ಮೂರು
ಸೋಮವಾರ, ರಾತ್ರಿ 8:30

ಗಡಿಯಾರ ನೋಡಿಸಿದ್ದು ಒಳ್ಳೆಯದಾಯಿತು. ಸೊರಬದ ಪಿಸಿ 47 ಸೆಕೆಂಡ್ ಮುಂದೆ ಇತ್ತು. ಸರಿ ಮಾಡಿಸಿದೆ. ಸರ್ವರ್ ಗಡಿಯಾರ ಸರಿ ಇದೆ, ಆದರೆ ಅದು ಯುಟಿಸಿಯಲ್ಲಿ ತೋರಿಸುತ್ತದೆ. ಪ್ರತಿ ಸಲ ಐದೂವರೆ ಗಂಟೆ ಕೂಡಿಸಬೇಕಾ?

ಹುಡುಗನಿಗೆ ಬ್ಯಾಚ್ ಫೈಲ್ ಕಳಿಸಿದ್ದೇನೆ. ನಾಳೆ ಬೆಳಿಗ್ಗೆಯಿಂದ ಎರಡೂ ಕಡೆ ಓಡುತ್ತದೆ.

ರಾತ್ರಿಪಾಳಿ
ಸೋಮವಾರ, ರಾತ್ರಿ 10:20

ಕೂಡಿಸಬೇಕಾಗಿಲ್ಲ. ಫೈಲಿನೊಳಗೆ ಹೊತ್ತು ಹೇಗೂ ಯುಟಿಸಿಯಲ್ಲೇ ಇರುತ್ತದೆ, ತೋರಿಸುವಾಗ ಮಾತ್ರ ಬದಲಾಗುವುದು. ಓದುವಾಗ ಮುಂದೆ ಟಿಝಡ್=ಏಷ್ಯಾ/ಕೋಲ್ಕತಾ ಅಂತ ಸೇರಿಸಿ ಟಿಸಿಪಿಡಂಪ್ -ಆರ್ ಕೊಟ್ಟರೆ ನಮ್ಮ ಹೊತ್ತಿನಲ್ಲೇ ಕಾಣುತ್ತದೆ.

ಇನ್ನೆರಡು ವಿಷಯ ಹೆದರಿಸಬಹುದು, ಈಗಲೇ ಹೇಳಿಬಿಡುತ್ತೇನೆ. 1500 ಬೈಟ್‌ಗಿಂತ ದೊಡ್ಡ ಪ್ಯಾಕೆಟ್ ಕಂಡರೆ, ಅಥವಾ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ನೋಡುವ ಲೆಕ್ಕ) ತಪ್ಪು ಅಂತ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಪ್ಯಾಕೆಟ್ ತುಂಡು ಮಾಡುವ, ಚೆಕ್‌ಸಮ್ ಲೆಕ್ಕ ಹಾಕುವ ಕೆಲಸವನ್ನು ಈಗ ನೆಟ್‌ವರ್ಕ್ ಕಾರ್ಡ್ ಮಾಡುತ್ತದೆ. ಕ್ಯಾಪ್ಚರ್ ಅದಕ್ಕಿಂತ ಮೊದಲೇ ಹಿಡಿದಿರುತ್ತದೆ. ತಂತಿಯ ಮೇಲೆ ಎಲ್ಲ ಸರಿಯಾಗೇ ಹೋಗಿರುತ್ತದೆ.

ಕೌಂಟರ್‌ಮೂರು
ಮಂಗಳವಾರ, ಸಂಜೆ 6:45

ಸಿಕ್ಕಿತು. ಇವತ್ತೂ ಕೆಟ್ಟಿತು, ಎರಡೂ ತುದಿಯಲ್ಲಿ ಹಿಡಿದಿದ್ದೇವೆ. ಸಾಲುಗಳನ್ನು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸೊರಬದ ಪಿಸಿಯಲ್ಲಿ: 13:22:07ಕ್ಕೆ ಊಟಕ್ಕೆ ಮುಂಚಿನ ಕೊನೆಯ ಪ್ಯಾಕೆಟ್, ಅದಕ್ಕೆ ಉತ್ತರ ಬಂದಿದೆ. ಆಮೇಲೆ ಒಂದೂವರೆ ಗಂಟೆಗೂ ಜಾಸ್ತಿ ಪೂರ್ತಿ ಮೌನ. 15:04:31.1ಕ್ಕೆ ಪಿಸಿ ಒಂದು ಪ್ಯಾಕೆಟ್ ಕಳಿಸಿದೆ. ಉತ್ತರ ಇಲ್ಲ. ಅದನ್ನೇ 31.4ಕ್ಕೆ, 32.0ಕ್ಕೆ, 33.2ಕ್ಕೆ, 35.6ಕ್ಕೆ, 40.4ಕ್ಕೆ ಮತ್ತೆ ಕಳಿಸಿದೆ. ಒಂದಕ್ಕೂ ಉತ್ತರ ಇಲ್ಲ. 50ರ ಹೊತ್ತಿಗೆ ಕೈಚೆಲ್ಲಿದೆ. ಸರಿಯಾಗಿ ಆಗಲೇ ಪರದೆಯ ಮೇಲೆ ಸಂದೇಶ ಬಂತು ಅಂತ ಹುಡುಗ ಹೇಳಿದ. ಫೈರ್‌ವಾಲ್ ಲಾಗ್‌ನಲ್ಲಿ ನಮ್ಮ ಸರ್ವರ್‌ನ ವಿಳಾಸವೇ ಇಲ್ಲ.

ಸರ್ವರ್‌ನಲ್ಲಿ: 13:22:07ರದ್ದು ಇದೆ. 15:04ಕ್ಕೆ ಆ ಸಂಪರ್ಕದಲ್ಲಿ ಏನೂ ಇಲ್ಲ. ಒಂದೂ ಪ್ಯಾಕೆಟ್ ಬಂದಿಲ್ಲ! ಆದರೆ 15:22:07ಕ್ಕೆ ಸರ್ವರ್ ತಾನಾಗಿ ಏನೋ ಖಾಲಿ ಪ್ಯಾಕೆಟ್ ಕಳಿಸಿದೆ. 75 ಸೆಕೆಂಡ್‌ಗೊಮ್ಮೆ ಒಟ್ಟು ಒಂಬತ್ತು. 15:33:22ಕ್ಕೆ ಸಂಪರ್ಕ ಕಡಿದಿದೆ. ಈ ಒಂಬತ್ತು ಏನು?

ಹಳೇಕೇಬಲ್
ಮಂಗಳವಾರ, ಸಂಜೆ 7:30

ಬಹಳ ಚೆನ್ನಾಗಿ ಹಿಡಿದಿದ್ದೀರಿ ತಮ್ಮಾ. ಇಷ್ಟು ಸ್ಪಷ್ಟವಾದ ಕ್ಯಾಪ್ಚರ್ ಸಿಗುವುದು ಅಪರೂಪ.

ಪಿಸಿಯಲ್ಲಿ ಕಳಿಸುವ ನಡುವಿನ ಅಂತರ ನೋಡಿ: 0.3, 0.6, 1.2, 2.4, 4.8. ಪ್ರತಿ ಸಲ ಇಮ್ಮಡಿ. ಟಿಸಿಪಿ ಉತ್ತರ ಬರದಿದ್ದಾಗ ಹೀಗೇ ತಾಳ್ಮೆ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ. ವಿಂಡೋಸ್ ಐದು ಸಲ ಮರಳಿ ಕಳಿಸಿ, ಇನ್ನೊಂದು 9.6 ಸೆಕೆಂಡ್ ಕಾದು ಬಿಟ್ಟುಬಿಡುತ್ತದೆ. ಕೂಡಿಸಿದರೆ ಸುಮಾರು 19 ಸೆಕೆಂಡ್. ನಿಮ್ಮ ಬಿಳಿ ಪರದೆಯ 20 ಸೆಕೆಂಡ್ ಅದೇ.

ಪಿಸಿಯಿಂದ ಹೊರಟಿದೆ, ಸರ್ವರ್‌ಗೆ ಬಂದಿಲ್ಲ. ಅಂದರೆ ಸಾಫ್ಟ್‌ವೇರ್ ಕೇಳಿದ್ದನ್ನು ಪಿಸಿ ಕಳಿಸಿದೆ, ಸರ್ವರ್ ಏನನ್ನೂ ಅಲಕ್ಷ್ಯ ಮಾಡಿಲ್ಲ. ದಾರಿಯಲ್ಲಿ ಯಾರೋ ನುಂಗಿದ್ದಾರೆ.

ಯಾರು? ನಿಮ್ಮ ಅಂಗಡಿಯ ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಾಯಿಸುವ ನ್ಯಾಟ್. ಅದು ಪ್ರತಿ ಸಂಪರ್ಕವನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡಿರುತ್ತದೆ. ಬಹಳ ಹೊತ್ತು ಮೌನ ಇದ್ದರೆ ಮುಗಿದಿರಬೇಕು ಅಂತ ಆ ಸಾಲನ್ನು ಅಳಿಸುತ್ತದೆ. ಎರಡು ತುದಿಗೂ ಹೇಳುವುದಿಲ್ಲ. ಊಟದಿಂದ ಬಂದು ಮಾತಾಡಿದರೆ ಅದಕ್ಕೆ ಇದು ಯಾರೋ ಗುರುತಿಲ್ಲದವರ ಪ್ಯಾಕೆಟ್.

ಆ ಒಂಬತ್ತು ಕೀಪ್‌ಅಲೈವ್. ಲಿನಕ್ಸ್‌ನಲ್ಲಿ ಎರಡು ಗಂಟೆ ಮೌನ ಆದಮೇಲೆ, ಅಂದರೆ 7200 ಸೆಕೆಂಡ್‌ಗೆ, ಇದ್ದೀಯಾ ಅಂತ ಕೇಳುತ್ತದೆ. 13:22:07ಕ್ಕೆ ಎರಡು ಗಂಟೆ ಕೂಡಿಸಿ ನೋಡಿ. 75 ಸೆಕೆಂಡ್‌ಗೊಮ್ಮೆ ಒಂಬತ್ತು ಸಲ ಕೇಳಿ ಉತ್ತರ ಬರದಿದ್ದರೆ ಕಡಿಯುತ್ತದೆ. 11 ನಿಮಿಷ 15 ಸೆಕೆಂಡ್. ಸರಿಯಾಗಿ 15:33:22.

ಲಾಗ್‌ಗೆಳತಿ
ಮಂಗಳವಾರ, ರಾತ್ರಿ 8:05

15:33 ಅಂದ ಕೂಡಲೇ ನನಗೆ ನಿಮ್ಮ ಮೊದಲ ದಿನದ ಮಾತು ನೆನಪಾಯಿತು. ಸಾಗರದಲ್ಲಿ ಯಾವುದೋ ಒಂದು ಮಾತ್ರೆ ಬಿಲ್ ಆಗದೆ ಮೂರೂವರೆ ಮೇಲೆ ಸರಿಹೋಗುತ್ತದೆ ಅಂದಿದ್ದಿರಿ. ಇವತ್ತು ಆಯಿತಾ? ಸೊರಬದವರು ಬಿಲ್ ಅರ್ಧಕ್ಕೆ ಬಿಟ್ಟು ಊಟಕ್ಕೆ ಹೋಗಿದ್ದರಾ? ದಯವಿಟ್ಟು ಕೇಳಿ ನೋಡಿ.

ಕೌಂಟರ್‌ಮೂರು
ಮಂಗಳವಾರ, ರಾತ್ರಿ 8:40

ಅಕ್ಕ, ಕೇಳಿದೆ. ಒಂದು ಶುಗರ್ ಮಾತ್ರೆಯ ಸ್ಟಾಕ್ ಸಾಲದೆ ಆ ಬಿಲ್ಲನ್ನು ತೆರೆದಿಟ್ಟೇ ಬಾಗಿಲು ಹಾಕಿದ್ದರಂತೆ. ಸಾಗರದಲ್ಲಿ ಅದೇ ಮಾತ್ರೆ ಮೂರೂಕಾಲಿಗೆ ಬಿಲ್ ಆಗದೆ ನಾನೇ ಕೈಯಲ್ಲಿ ಚೀಟಿ ಬರೆದುಕೊಟ್ಟೆ. ಮೂರೂವರೆ ಮೇಲೆ ಆಯಿತು.

ಲಾಗ್‌ಗೆಳತಿ
ಮಂಗಳವಾರ, ರಾತ್ರಿ 9:10

ಹಾಗಾದರೆ ಎರಡೂ ಒಂದೇ ತೊಂದರೆ. ಬಿಲ್ ತೆರೆದಾಗ ಸಾಫ್ಟ್‌ವೇರ್ ಆ ಮಾತ್ರೆಯ ಸ್ಟಾಕ್ ಸಾಲಿಗೆ, ಬೇರೆ ಕೌಂಟರ್ ಅದನ್ನು ಬದಲಾಯಿಸದ ಹಾಗೆ, ಲಾಕ್ ಹಾಕುತ್ತದೆ. ಪಿಸಿ 15:04ಕ್ಕೆ ಹಳೆ ಸಂಪರ್ಕ ಬಿಟ್ಟು ಹೊಸದು ಮಾಡಿಕೊಂಡಿತು. ಸರ್ವರ್‌ಗೆ ಆ ಸುದ್ದಿ ಮುಟ್ಟಲೇ ಇಲ್ಲ. ಅದರ ಲೆಕ್ಕದಲ್ಲಿ ಹಳೆ ಸಂಪರ್ಕ ಇನ್ನೂ ಜೀವಂತ, ಲಾಕ್ ಅದರ ಕೈಯಲ್ಲೇ ಇದೆ. 15:33:22ಕ್ಕೆ ಸಂಪರ್ಕ ಕಡಿದಾಗ ಲಾಕ್ ಬಿಟ್ಟಿತು. ಇನ್ನೊಮ್ಮೆ ಆದರೆ ಆ ಹೊತ್ತಿನಲ್ಲೇ ಪೋಸ್ಟ್‌ಗ್ರೆಸ್‌ನಲ್ಲಿ ಯಾವ ಸಂಪರ್ಕ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ. ಐಡಲ್ ಇನ್ ಟ್ರಾನ್ಸಾಕ್ಷನ್, ಅಂದರೆ ಶುರು ಮಾಡಿದ ಕೆಲಸ ಮುಗಿಸದೆ ಸುಮ್ಮನಿದೆ, ಅಂತ ಒಂದು ಸಾಲು ಕೂತಿರುತ್ತದೆ.

ಸಾಫ್ಟ್‌ವೇರ್‌ನವರಿಗೆ ಈ ಭಾಗ ಹೇಳಲೇಬೇಕು. ಜನ ಯೋಚಿಸುತ್ತಾ ಕೂತಿರುವಾಗ ಲಾಕ್ ಹಿಡಿದಿರಬಾರದು. ನೆಟ್ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪೇ.

ತುಂಗಾತೀರ
ಮಂಗಳವಾರ, ರಾತ್ರಿ 9:30

ನನ್ನ ಊಹೆ ತಪ್ಪಾಯಿತು, ಕಲಿತೆ. ಒಂದು ಪ್ರಶ್ನೆ: ನುಂಗಿದ್ದು ಸೊರಬದ ನೆಟ್ ಕಡೆಯೇ ಅಂತ ಹೇಗೆ ಗೊತ್ತು? ಮುಂಬೈ ಕಡೆಯೂ ಇರಬಹುದಲ್ವಾ?

ರಾತ್ರಿಪಾಳಿ
ಮಂಗಳವಾರ, ರಾತ್ರಿ 11:00

ಖಂಡಿತ ಇರಬಹುದು, ಕೇಳಬೇಕಾದ ಪ್ರಶ್ನೆಯೇ ಇದು. ಕ್ಲೌಡ್‌ಗಳಲ್ಲೂ ಮೌನದ ಮಿತಿ ಇದೆ. ಅಮೆಜಾನ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್, ಅಝೂರ್ ಲೋಡ್ ಬ್ಯಾಲೆನ್ಸರ್ ಸೆಟ್ಟಿಂಗ್ ಮುಟ್ಟದಿದ್ದರೆ 4 ನಿಮಿಷ, ಗೂಗಲ್ ಕ್ಲೌಡ್‌ನ ಫೈರ್‌ವಾಲ್ 10 ನಿಮಿಷ. ಹಾಗಾಗಿ ಅಳೆಯಬೇಕು.

ಸೊರಬದಲ್ಲಿ ಇನ್ನೊಂದು ಪಿಸಿಯಿಂದ ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ತೆರೆಯಿರಿ, ಸಂಪರ್ಕದ ಸಾಲಿನಲ್ಲಿ ಕೀಪ್‌ಅಲೈವ್ಸ್=0 ಅಂತ ಕೊಡಿ. 10 ನಿಮಿಷ ಮುಟ್ಟದೆ ಬಿಟ್ಟು ಸೆಲೆಕ್ಟ್ 1 ಕೊಡಿ. ಉತ್ತರ ಬಂದರೆ ಮತ್ತೆ 20 ನಿಮಿಷ, 30 ನಿಮಿಷ. ಅದನ್ನೇ ಸಾಗರದ ಲೈನ್‌ನಿಂದಲೂ ಮಾಡಿ. ಸರ್ವರ್ ಒಂದೇ, ದಾರಿ ಬೇರೆ. ಜೊತೆಗೆ ಸೊರಬದ ರೌಟರ್‌ನ ಪುಟದಲ್ಲಿ ಹೊರಗಿನ ವಿಳಾಸ ಏನಿದೆ ನೋಡಿ. 100.64ರಿಂದ 100.127ರ ಒಳಗೆ ಶುರುವಾದರೆ ನೆಟ್ ಕೊಡುವವರೂ ಇನ್ನೊಂದು ಸುತ್ತು ನ್ಯಾಟ್ ಮಾಡುತ್ತಿದ್ದಾರೆ ಅಂತ.

ಕೌಂಟರ್‌ಮೂರು
ಗುರುವಾರ, ರಾತ್ರಿ 8:15

ಎರಡು ದಿನ ಅಳೆದೆವು. ಹುಡುಗ ಫೋನಿನ ಅಲಾರಂ ಇಟ್ಟುಕೊಂಡು ಮಾಡಿದ, ಅವನ ಶ್ರದ್ಧೆ ನೋಡಿ ನನಗೆ ಖುಷಿಯಾಯಿತು. ಸೊರಬ: 10 ನಿಮಿಷ ಸರಿ, 20 ಸರಿ, 30ಕ್ಕೆ ಸತ್ತಿದೆ. 25 ಮಾಡಿದೆವು, ಅದೂ ಸತ್ತಿದೆ. ಎರಡನೇ ದಿನವೂ ಹಾಗೇ. ಸಾಗರ: 90 ನಿಮಿಷ ಬಿಟ್ಟರೂ ಉತ್ತರ ಬರುತ್ತದೆ. ಸೊರಬದ ರೌಟರ್‌ನ ಹೊರಗಿನ ವಿಳಾಸ 100ರಿಂದ ಶುರುವಾಗುತ್ತದೆ, ಅದರ ಮುಂದಿನ ಸಂಖ್ಯೆ 70ರಿಂದ 79ರ ಒಳಗಿದೆ, ಅಂದರೆ ನೀವು ಹೇಳಿದ ಗುಂಪಿನದ್ದೇ.

ಹಳೇಕೇಬಲ್
ಗುರುವಾರ, ರಾತ್ರಿ 9:00

ಹಾಗಾದರೆ ಸರ್ವರ್ ಕಡೆ ತಪ್ಪಿಲ್ಲ. ಸೊರಬದ ನೆಟ್‌ನವರು 20ರಿಂದ 25 ನಿಮಿಷದ ನಡುವೆ ಪಟ್ಟಿಯಿಂದ ಸಾಲು ಅಳಿಸುತ್ತಾರೆ. ಅಂಗಡಿಯಲ್ಲಿ ಅವರು ಇಟ್ಟ ರೌಟರ್ ಡಬ್ಬವೋ, ಅವರ ಕೇಂದ್ರದ ನ್ಯಾಟೋ ಅನ್ನುವುದಕ್ಕೆ ಡಬ್ಬದ ಆಚೆ ಕಡೆ ಕ್ಯಾಪ್ಚರ್ ಬೇಕು. ಅದು ಅವರೇ ಮಾಡಬೇಕಾದ್ದು. ಎರಡೂ ಅವರದ್ದೇ ತಾನೇ.

ಅವರಿಗೆ ಬರೆಯುವಾಗ ನ್ಯಾಟ್ ಹೇಗೆ ನಡೆಯಬೇಕು ಅಂತ ಹೇಳುವ ಇಂಟರ್ನೆಟ್ ನಿಯಮದ ದಾಖಲೆ ಆರ್‌ಎಫ್‌ಸಿ 5382 ಹೆಸರಿಸಿ. 2008ರದ್ದು. ಸ್ಥಾಪಿತವಾದ ಟಿಸಿಪಿ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಮರೆಯಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಎರಡು ಗಂಟೆಯ ಕೀಪ್‌ಅಲೈವ್ ದಾಟಲಿ ಅಂತಲೇ ಆ ನಾಲ್ಕು ನಿಮಿಷ. ನಿಮ್ಮ ಅಳತೆಯ ಪಟ್ಟಿ, ಎರಡು ತುದಿಯ ಸಾಲುಗಳು, ಈ ಆರ್‌ಎಫ್‌ಸಿ ಜೊತೆಗಿದ್ದರೆ ಸ್ಪೀಡ್ ತೋರಿಸಿ ಕಳಿಸಲು ಆಗುವುದಿಲ್ಲ.

ಅವರು ಸರಿ ಮಾಡುವ ತನಕ ಕಾಯಬೇಕಾಗಿಲ್ಲ. ಸರ್ವರ್ ಐದು ನಿಮಿಷಕ್ಕೊಮ್ಮೆ ಮಾತಾಡಿಸಲಿ. ಪೋಸ್ಟ್‌ಗ್ರೆಸ್‌ನ ಕಾನ್ಫಿಗ್‌ನಲ್ಲಿ:

ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ = 300
ಟಿಸಿಪಿ_ಕೀಪ್‌ಅಲೈವ್ಸ್_ಇಂಟರ್ವಲ್ = 30
ಟಿಸಿಪಿ_ಕೀಪ್‌ಅಲೈವ್ಸ್_ಕೌಂಟ್ = 4

ರೀಲೋಡ್ ಮಾಡಿ, ಕೌಂಟರ್‌ಗಳಲ್ಲಿ ಸಾಫ್ಟ್‌ವೇರ್ ಒಮ್ಮೆ ಮುಚ್ಚಿ ತೆರೆಸಿ. ಸರ್ವರ್ ಕೇಳಿದಾಗ ಪಿಸಿ ಉತ್ತರ ಕೊಡುತ್ತದಲ್ಲ, ಆ ಉತ್ತರ ಒಳಗಿನಿಂದ ಹೊರಗೆ ಹೋಗುವಾಗ ನ್ಯಾಟ್‌ನ ಗಡಿಯಾರ ಮತ್ತೆ ಶುರುವಿಂದ ಎಣಿಸುತ್ತದೆ. ಹಾಗಾಗಿ ಸಾಫ್ಟ್‌ವೇರ್‌ನವರನ್ನು ಕಾಡದೆ ನೀವೇ ಮಾಡಬಹುದು. ಪಿಸಿ ನಿಜವಾಗಿ ಸತ್ತರೂ ಏಳು ನಿಮಿಷದಲ್ಲಿ ಲಾಕ್ ಬಿಡುತ್ತದೆ, ಎರಡು ಗಂಟೆ ಹನ್ನೊಂದು ನಿಮಿಷ ಅಲ್ಲ.

ಲಾಗ್‌ಗೆಳತಿ
ಗುರುವಾರ, ರಾತ್ರಿ 9:25

ಹಾಕಿದ ಮೇಲೆ ನಿಜವಾಗಿ ಹತ್ತಿದೆಯಾ ಅಂತ ಸರ್ವರ್‌ನಲ್ಲಿ ನೋಡಿ. ಎಸ್‌ಎಸ್ -ಟಿಎನ್‌ಓ ಕೊಟ್ಟರೆ ಪ್ರತಿ ಸಂಪರ್ಕದ ಕೊನೆಯಲ್ಲಿ ಟೈಮರ್ ಅಂತ ಬಂದು, ಕೀಪ್‌ಅಲೈವ್, ಮುಂದೆ ನಿಮಿಷ ಸೆಕೆಂಡ್ ಇರುತ್ತದೆ. ಅದು ಐದು ನಿಮಿಷದೊಳಗೆ ಇದ್ದರೆ ಸರಿ. ಗಂಟೆ ದಾಟಿದ್ದರೆ ಹಳೆ ಸೆಟ್ಟಿಂಗ್‌ನಲ್ಲೇ ಇದೆ.

ಪೋಸ್ಟ್‌ಗ್ರೆಸ್ 9.6ರಿಂದ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮ್‌ಔಟ್ ಕೂಡ ಇದೆ. ಆದರೆ ಅದನ್ನು ಸಾಫ್ಟ್‌ವೇರ್‌ನವರಿಗೆ ಹೇಳದೆ ಹಾಕಬೇಡಿ. ತೆರೆದಿಟ್ಟ ಬಿಲ್ಲನ್ನೇ ಕಡಿದುಹಾಕುತ್ತದೆ, ಹುಡುಗನಿಗೆ ಮತ್ತೆ ಅದೇ ಕಷ್ಟ.

ಮುಂದೆ ಬಿಡುವಾದಾಗ 5432 ಪೋರ್ಟನ್ನು ಹೊರಗಿನ ಜಗತ್ತಿಗೆ ತೆರೆದಿಡುವುದನ್ನು ನಿಲ್ಲಿಸಿ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳಿ. ಅದರಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಸೆಕೆಂಡ್ ಕೊಟ್ಟರೆ ನ್ಯಾಟ್‌ನ ಈ ಗೋಳು ಇರುವುದಿಲ್ಲ. ಟಿಎಲ್‌ಎಸ್ ಇದ್ದರೂ ಡೇಟಾಬೇಸ್ ಬಾಗಿಲು ಬೀದಿಗೆ ತೆರೆದಿರಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಕೌಂಟರ್‌ಮೂರು
ಶನಿವಾರ, ಸಂಜೆ 5:10

ನಿನ್ನೆ ಬೆಳಿಗ್ಗೆ ಹಾಕಿದೆ. ಎಸ್‌ಎಸ್‌ನಲ್ಲಿ 4 ನಿಮಿಷ 32 ಸೆಕೆಂಡ್ ಅಂತ ತೋರಿಸಿತು. ಕ್ಯಾಪ್ಚರ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಸರ್ವರ್ ಕೇಳುವುದು, ಸೊರಬದಿಂದ ಉತ್ತರ ಬರುವುದು, ಊಟದ ಹೊತ್ತು ಪೂರ್ತಿ ಸಾಲಾಗಿ ಇದೆ. ನಿನ್ನೆ, ಇವತ್ತು ಎರಡು ದಿನವೂ ಮೊದಲ ಬಿಲ್ ತಟ್ಟನೆ ಆಯಿತು. ಹುಡುಗ ಫೋನ್ ಮಾಡಿ, ಅಣ್ಣ ಆಯಿತು ಅಂದ.

ಹಳೇಕೇಬಲ್ ಸರ್, ಲಾಗ್‌ಗೆಳತಿ ಅಕ್ಕ, ರಾತ್ರಿಪಾಳಿ ಅಣ್ಣ, ನಿಮಗೆಲ್ಲ ಮನಸಾರೆ ಧನ್ಯವಾದ. ನೆಟ್‌ನವರಿಗೆ ಅಳತೆಯ ಪಟ್ಟಿ ಕಳಿಸಿದ್ದೇನೆ. ಸಾಫ್ಟ್‌ವೇರ್‌ನವರು ಲಾಕ್ ವಿಚಾರ ಒಪ್ಪಿ ಮುಂದಿನ ಆವೃತ್ತಿಯಲ್ಲಿ ಬದಲಾಯಿಸುತ್ತೇವೆ ಅಂದಿದ್ದಾರೆ.

ತುಂಗಾತೀರ
ಶನಿವಾರ, ಸಂಜೆ 6:00

ಬಹಳ ಖುಷಿಯಾಯಿತು ಅಣ್ಣ. ನನಗೆ ಎಸ್ಎಸ್ಎಚ್ ಕೂಡ ಟೀ ಕುಡಿದು ಬರುವಷ್ಟರಲ್ಲಿ ಹೀಗೇ ನಿಂತಿರುತ್ತದೆ. ಅದೂ ಇದೇನಾ?

ರಾತ್ರಿಪಾಳಿ
ಶನಿವಾರ, ರಾತ್ರಿ 7:20

ಬಹುಶಃ ಇದೇ. ನಿಮ್ಮ ಎಸ್ಎಸ್ಎಚ್ ಕಾನ್ಫಿಗ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 60 ಅಂತ ಒಂದು ಸಾಲು ಹಾಕಿ. ಆದರೆ ಹಾಕುವ ಮೊದಲು ಒಮ್ಮೆ ಎರಡೂ ಕಡೆ ಟಿಸಿಪಿಡಂಪ್ ಇಟ್ಟು ನೋಡಿ, ಈಗ ನಿಮಗೆ ಬರುತ್ತದಲ್ಲ.

ಲಾಗ್‌ಗೆಳತಿ
ಶನಿವಾರ, ರಾತ್ರಿ 7:45

ಕೌಂಟರ್‌ಮೂರು, ಕ್ಯಾಪ್ಚರ್ ನಿಲ್ಲಿಸಿದಿರಾ? ಪಿಕೆಟಿಮಾನ್ ಫಿಲ್ಟರ್ ರಿಮೂವ್ ಕೂಡ ಕೊಡಿಸಿ, ಇಲ್ಲದಿದ್ದರೆ ಮುಂದಿನ ಸಲ ಹಳೆ ಫಿಲ್ಟರ್ ಅಲ್ಲೇ ಕೂತಿರಬಹುದು.

ಕೌಂಟರ್‌ಮೂರು
ಭಾನುವಾರ, ಬೆಳಿಗ್ಗೆ 9:30

ಎರಡೂ ಕಡೆ ನಿಲ್ಲಿಸಿದೆ, ಫಿಲ್ಟರ್ ತೆಗೆಸಿದೆ, ಫೈಲ್‌ಗಳನ್ನು ಅಳಿಸಿದೆ. ಸರ್ವರ್‌ನಲ್ಲಿ ಲಾಗ್_ಕನೆಕ್ಷನ್ಸ್, ಲಾಗ್_ಡಿಸ್ಕನೆಕ್ಷನ್ಸ್ ಎರಡನ್ನು ಮಾತ್ರ ಆನ್ ಮಾಡಿ ಬಿಟ್ಟಿದ್ದೇನೆ. ಯಾವ ಬ್ರಾಂಚ್ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು ಅಂತ ಒಂದೊಂದು ಸಾಲು ಬೀಳುತ್ತದೆ. ನಿನ್ನೆ ಸೊರಬದ್ದು ಬೆಳಿಗ್ಗೆ ತೆರೆದ ಸಂಪರ್ಕ ರಾತ್ರಿ ಬಾಗಿಲು ಹಾಕುವ ತನಕ ಒಂದೇ ಇತ್ತು.